ಮೋಟಾರು ಮುರಿದ ಮಣಿಕಟ್ಟು

ನಾನು ಪುಣೆಯಲ್ಲಿ ಡಾಕ್ಟರಕಿ ಕಲಿತು ಬಂದು ಧಾರವಾಡದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಮಾಳಮಡ್ಡಿಯ ನಮ್ಮ ಮನೆಯಲ್ಲಿ ನನ್ನನ್ನು ಡಾಕ್ಟರೆಂದು ನಂಬಿದವರು ಕಡಿಮೆ. ನನ್ನನ್ನು ಓದಿಸಿದವರು ಕಾಕಾ. ಅಪ್ಪ ತೀರಿಕೊಂಡಾಗಿನಿಂದ ನಾನು ಅವರ ಮನೆಯಲ್ಲೇ ಬೆಳೆದವಳು. ಅಣ್ಣನ ಮಗಳನ್ನು ಡಾಕ್ಟರಕಿಗೆ ಹಾಕಿದ್ದೇನೆಂದು ಅವರು ವಕೀಲರ ಕೋಣೆಯಲ್ಲಿ, ಕ್ಲಬ್ಬಿನಲ್ಲಿ, ಮದುವೆಯ ಹಂದರಗಳಲ್ಲಿ ಹೇಳಿಕೊಂಡು ಬಂದಿದ್ದರು. ಸುಧಾರಿಸಿದ ಮನೆತನವೆಂಬ ಹೆಸರು ಅದರಿಂದ ಬಂದಿತ್ತು. ಹೆಸರು ಬಂದ ಮೇಲೆ ನನ್ನ ವಿದ್ಯೆಯಿಂದ ಅವರಿಗೆ ಆಗಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ. ತಲೆನೋವು ಬಂದರೆ, ನಾನು ಎದುರಿಗೇ ಕೂತಿದ್ದರೂ, ಓಣಿಯ ವೈದ್ಯರಿಗೆ ಹೇಳಿ ಕಳಿಸುತ್ತಿದ್ದರು. ಬಾಣಂತಿಯರಿಗೆ ಮಾತ್ರ ನಾನು ಡಾಕ್ಟರು. ಗಂಡಸರಿಗೆ ಅಣ್ಣನ ಮಗಳು.

ಕಾಕಾ ಹೆಸರುವಾಸಿ ವಕೀಲರು. ಅಣ್ಣತಮ್ಮಂದಿರ ಆಸ್ತಿಯ ಖಟ್ಲೆಗಳಲ್ಲಿ ಅವರದು ಎತ್ತಿದ ಕೈ. ಅವರಿಗೆ ಬಂದ ಅಣ್ಣತಮ್ಮಂದಿರು ಮತ್ತೆ ಒಬ್ಬರ ಮುಖ ಒಬ್ಬರು ನೋಡಿದ ಉದಾಹರಣೆ ಇಲ್ಲ. ಇಷ್ಟೆಲ್ಲ ಇದ್ದೂ ಅವರಿಗೆ ಒಂದು ಕೊರತೆ ಇತ್ತು. ಸರಕಾರ ಅವರನ್ನು ಇನ್ನೂ ರಾವ್ ಸಾಹೇಬರನ್ನಾಗಿ ಮಾಡಿರಲಿಲ್ಲ. ಆ ಕಿತಾಬಿನ, ಆ ಬಿರುದಿನ ಸಲುವಾಗಿ ಅವರು ಮಾಡದ್ದಿಲ್ಲ. ಮುಂಬಯಿಯಿಂದ ಇಂಗ್ಲಿಷ್ ಪತ್ರಿಕೆ ತರಿಸಿದರು. ಬಲಗೈಯ ಉಂಗುರದ ಬೆರಳಿಗೆ ಜೋಯಿಸರು ಹೇಳಿದ ಪುಷ್ಯರಾಗದ ಉಂಗುರ ಹಾಕಿಕೊಂಡರು. ಕೊನೆಗೆ ಒಂದು ಹಳೆಯ ಮೋಟಾರು ಕೊಂಡರು.

ಆ ಮೋಟಾರು ತಾನಾಗಿ ಸುರುವಾಗುವಂಥದ್ದಲ್ಲ. ಮುಂದೆ, ಮೂಗಿನ ಕೆಳಗೆ, ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಜೋರಾಗಿ ತಿರುವಬೇಕು. ಆ ಕೆಲಸ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಡ್ರೈವರನದು. ಅವನ ಮನೆತನವೆಲ್ಲ ಯಂತ್ರ ರಿಪೇರಿಯವರು. ಕಾಕಾ ಹಿಂದಿನ ಸೀಟಿನಲ್ಲಿ ಕೂತು, ಬೀದಿಯಲ್ಲಿ ಹೋಗುವವರು ತಮ್ಮನ್ನು ನೋಡುತ್ತಾರೋ ಇಲ್ಲವೋ ಎಂಬುದನ್ನು ನೋಡುತ್ತಿದ್ದರು.

ಹೊಸ ಕಲೆಕ್ಟರ್ ಸಾಹೇಬರು ಬೆಳಗಿನ ರೈಲಿಗೆ ಬರುವವರಿದ್ದರು. ಊರಿನ ದೊಡ್ಡ ಮನುಷ್ಯರೆಲ್ಲ ಹಾರ ಹಿಡಿದು ಸ್ಟೇಶನ್ನಿಗೆ ಹೊರಟಿದ್ದರು. ಮಾಳಮಡ್ಡಿಯಿಂದ ಸ್ಟೇಶನ್ನೆಂದರೆ ಎಷ್ಟು ದೂರ? ನಮ್ಮ ಮನೆಯ ಹಿತ್ತಲಲ್ಲಿ ನಿಂತರೆ ಎಂಜಿನ್ನಿನ ಸಿಳ್ಳು ಕಿವಿಗೆ ಬಡಿಯುತ್ತಿತ್ತು. ಆದರೆ ನಡೆದು ಹೋಗುವುದಿದ್ದರೆ ಮೋಟಾರು ಯಾತಕ್ಕೆ? ಡ್ರೈವರ್ ತಂಗಿಯ ಮದುವೆಯೆಂದು ಗಬ್ಬೂರಿಗೆ ಹೋಗಿದ್ದ. ಒಂದು ದಿನ ಮುಂದಕ್ಕೆ ಹಾಕಲಿಕ್ಕೆ ಬರುವುದಿಲ್ಲವೇ ಎಂದು ಕಾಕಾ ಅವನನ್ನು ಕೇಳಿದ್ದರಂತೆ, ಮದುವೆಯನ್ನು.

ಹಾರ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದ ಗೆಳೆಯರೊಬ್ಬರು, ಅವರೂ ವಕೀಲರೇ, ನಡೆದೇ ಹೋಗೋಣವೆಂದರು. ಕಾಕಾ ಕೋಟಿನ ತೋಳು ಸರಿಸಿ ತಾವೇ ಹ್ಯಾಂಡಲಿಗೆ ಕೈ ಹಾಕಿದರು. ಬಲ್ಲವರು ಆ ಹ್ಯಾಂಡಲನ್ನು ಹೆಬ್ಬೆರಳು ಸುತ್ತದೆ ಹಿಡಿಯುತ್ತಾರೆ, ಮೇಲಕ್ಕೆ ಎಳೆಯುತ್ತಾರೆ. ಎಂಜಿನ್ನು ತಿರುಗಿ ಒದ್ದರೆ ಕೈ ಬಿಡಿಸಿಕೊಂಡು ಪಾರಾಗುತ್ತದೆ. ಕಾಕಾ ಅದನ್ನು ಬೆಳ್ಳಿಕಟ್ಟಿನ ಕೋಲು ಹಿಡಿದಂತೆ ಬಿಗಿಯಾಗಿ ಹಿಡಿದು ಕೆಳಕ್ಕೆ ಒತ್ತಿದರು. ಎಂಜಿನ್ನು ಒಮ್ಮೆ ಕೆಮ್ಮಿತು, ಹ್ಯಾಂಡಲ್ ಉಲ್ಟಾ ತಿರುಗಿತು. ಒಣಗಿದ ಕಟ್ಟಿಗೆ ಮುರಿದಂಥ ಸಪ್ಪಳ ನನಗೆ ಪಡಸಾಲೆಯವರೆಗೆ ಕೇಳಿಸಿತು.

ನಾನು ಹೊರಗೆ ಬರುವಷ್ಟರಲ್ಲಿ ಕಾಕಾ ಕಟ್ಟೆಯ ಮೇಲೆ ಕೂತು ಬಲ ಮಣಿಕಟ್ಟನ್ನು ಎಡಗೈಯಿಂದ ಅವುಚಿ ಹಿಡಿದುಕೊಂಡಿದ್ದರು. ಮುಖ ಬಿಳಿಚಿತ್ತು. "ಏನೂ ಆಗಿಲ್ಲ" ಎಂದರು. "ಬರೇ ಉಳುಕ್ಯದ."

ಗೆಳೆಯರು ಅದಕ್ಕೆ ಆಧಾರ ಒದಗಿಸಿದರು. ಬೆರಳು ಆಡಿಸಲು ಹೇಳಿದರು. ಬೆರಳು ಸ್ವಲ್ಪ ಆಡಿದವು. ಬೆರಳು ಆಡಿದರೆ ಎಲುಬು ಮುರಿದಿಲ್ಲವೆಂದೇ ಅರ್ಥ ಎಂದು ಅವರು ತೀರ್ಮಾನ ಕೊಟ್ಟರು. ಆ ಮಾತನ್ನು ನಾನು ಮುಂದೆ ನನ್ನ ಜನ್ಮವಿಡೀ ಕೇಳಿದ್ದೇನೆ. ಬೆರಳನ್ನು ಆಡಿಸುವುದು ಸ್ನಾಯು, ಅದರ ಹುರಿ ಮಣಿಕಟ್ಟು ದಾಟಿ ಹೋಗುತ್ತದೆ. ಎಲುಬು ಎರಡು ತುಂಡಾಗಿದ್ದರೂ ಬೆರಳು ಆಡಬಹುದು. ಇದನ್ನು ನಾನು ಹೇಳಿದೆ. ಇಬ್ಬರು ವಕೀಲರೂ ನನ್ನನ್ನು, ಸಾಕ್ಷಿ ಕಟಕಟೆಯಲ್ಲಿ ಕರೆಯದೆ ಬಂದು ನಿಂತವಳನ್ನು ನೋಡುವಂತೆ ನೋಡಿದರು.

ಒಳಗಿನಿಂದ ಕಾಕು ಬಂದಳು, ಕೈಯಲ್ಲಿ ಹಿಟ್ಟು. ಗಂಡನ ಕೈ ನೋಡಿ, "ಸವಟಿನಂಗ ಆಗ್ಯದಲ್ಲ" ಎಂದಳು. ನಮ್ಮ ಪಠ್ಯಪುಸ್ತಕದಲ್ಲಿ ಈ ಮುರಿತಕ್ಕೆ ಊಟದ ಫೋರ್ಕಿನ ಉಪಮೆ ಕೊಟ್ಟಿದ್ದರು. ಫೋರ್ಕನ್ನು ನಾನು ಕಂಡದ್ದೇ ಪುಣೆಯಲ್ಲಿ. ಮಣಿಕಟ್ಟು ಮೇಲಕ್ಕೆ ಉಬ್ಬಿ, ಅದರ ಮುಂದೆ ಅಂಗೈ ತಗ್ಗಿದಂತೆ ಕಾಣುವ ಆ ಆಕಾರಕ್ಕೆ ಸವಟಿನ ಕುತ್ತಿಗೆಯೇ ಸರಿ ಹೊಂದುತ್ತದೆ.

ನಾನು ಕೂತು ಮೆಲ್ಲಗೆ ಮುಟ್ಟಿ ನೋಡಿದೆ. ಹೆಬ್ಬೆರಳಿನ ಕಡೆಯ ಎಲುಬಿನ ತುದಿಯ ಹತ್ತಿರ ಬೆರಳಿಟ್ಟ ಕೂಡಲೇ ಕಾಕಾ ಉಸಿರು ಎಳೆದುಕೊಂಡರು. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಿ ಬರುತ್ತಿತ್ತು, ಬೆರಳಿನ ತುದಿಗೆ ಸ್ಪರ್ಶ ತಿಳಿಯುತ್ತಿತ್ತು, ಚರ್ಮ ಎಲ್ಲೂ ಹರಿದಿರಲಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ. ಇನ್ನೊಂದು ಗುರುತು ತೋರಿಸಿದರೆ ಒಪ್ಪಿಯಾರೆಂದು ನನ್ನ ಆಸೆ. ನೆಟ್ಟಗಿರುವ ಕೈಯಲ್ಲಿ ಹೆಬ್ಬೆರಳ ಕಡೆಯ ಎಲುಬಿನ ಮೊನೆ ಕಿರುಬೆರಳ ಕಡೆಯದಕ್ಕಿಂತ ಒಂದಿಷ್ಟು ಮುಂದೆ ಚಾಚಿರುತ್ತದೆ. ಮುರಿದು ಸರಿದಾಗ ಎರಡೂ ಒಂದೇ ಸಾಲಿಗೆ ಬರುತ್ತವೆ. ಕಾಕಾ ಎಡಗೈಯನ್ನು ಬಿಡಲೊಲ್ಲರು. ಹೀಗಾಗಿ, ಒಳ್ಳೆಯ ಕೈ ಹೇಗಿರುತ್ತದೆ ನೋಡಿರಿ ಎಂದು ನಾನು ಪಕ್ಕದಲ್ಲಿ ನಿಂತಿದ್ದ ಕಾಕುವಿನ ಬಲಗೈ ಹಿಡಿದುಕೊಂಡೆ.

ಹಿಟ್ಟು ಒರೆಸಿ ಎರಡು ಕಡೆ ಬೆರಳಿಟ್ಟೆ. ಎರಡೂ ಮೊನೆ ಒಂದೇ ಸಾಲಿನಲ್ಲಿದ್ದವು. ಕೈ ಓರೆಯಾಗಿ ಹೆಬ್ಬೆರಳಿನ ಕಡೆಗೆ ವಾಲಿತ್ತು. ಆ ಕೈಯಿಂದ ನಾನು ಇಷ್ಟು ವರ್ಷ ಉಂಡಿದ್ದೆ. ನೋಡಿರಲಿಲ್ಲ.

"ಕಾಕು, ಇದು ಯಾವಾಗ ಮುರೀತು?"

"ಮುರೀತೇನು?" ಎಂದಳು ಕಾಕು. "ಮದಿವ್ಯಾದ ಮರುವರ್ಷ ಬಾವಿಕಟ್ಟಿ ಮ್ಯಾಲೆ ಜಾರಿ ಬಿದ್ದಿದ್ದೆ. ಅರಿಷಿಣ ಹಚ್ಚಿದ್ರು."

"ಕಟ್ಟು ಹಾಕಲಿಲ್ಲ?"

"ಕಟ್ಟು ಹಾಕಿದ್ರ ಭಕ್ಕರಿ ಬಡಿಯೋರು ಯಾರಿದ್ದರವಾ?"

ಕಾಕಾನ ಮುಖ ಒಮ್ಮೆಲೇ ಗೆಲುವಾಯಿತು. ಹಿಂದಿನ ತೀರ್ಪೊಂದು ಕೈಗೆ ಸಿಕ್ಕ ವಕೀಲನ ಗೆಲುವು ಅದು. "ನೋಡಿದ್ಯಾ?" ಎಂದರು. "ಅಕಿಗೂ ಹಿಂಗ ಆಗಿತ್ತು, ತಾನಾಗೇ ಆರಾಮಾತು. ಮುರದಿದ್ರ ಇಷ್ಟು ವರ್ಷ ಅಡಗಿ ಹೆಂಗ ಮಾಡ್ತಿದ್ಲು?"

ಕಾಕು ನನ್ನಿಂದ ಕೈ ಬಿಡಿಸಿಕೊಂಡಳು. ಒಲೆಯ ಮೇಲಿನದು ಹೊತ್ತೀತೆಂದು ಒಳಗೆ ಹೋದಳು.

ನನಗೆ ಸಿಟ್ಟು ಬಂದಿತ್ತು. ಆದರೆ ಬಾವು ಏರುತ್ತಿತ್ತು, ಸಿಟ್ಟಿಗೆ ಆಗ ಹೊತ್ತಿರಲಿಲ್ಲ. ಉಂಗುರ ತೆಗೆಯಿರಿ ಎಂದೆ. ಬೆರಳು ಬಾತ ಮೇಲೆ ಅದು ಹೊರಗೆ ಬರುವುದಿಲ್ಲ, ರಕ್ತ ನಿಂತು ಬೆರಳು ಸತ್ತುಹೋಗುತ್ತದೆ ಎಂದೆ. ಕಾಕಾ ಒಪ್ಪಲಿಲ್ಲ. ಆ ಪುಷ್ಯರಾಗ ಬೆರಳಿಗೆ ಬಂದ ಮೇಲೆಯೇ ಮಾಮಲೇದಾರರು ಅವರನ್ನು ಎರಡು ಸಲ ಚಹಕ್ಕೆ ಕರೆದಿದ್ದರಂತೆ. ವಾದ ಮಾಡುತ್ತ ಕೂಡುವ ಬದಲು ನಾನು ಅವರ ಇಂಗ್ಲಿಷ್ ಪತ್ರಿಕೆಗಳನ್ನು ದಪ್ಪಗೆ ಮಡಿಸಿ, ಕೈಯ ಕೆಳಗಿಟ್ಟು, ಮೊಣಕೈಯಿಂದ ಬೆರಳ ಬುಡದವರೆಗೆ ಪಂಚೆಯ ಪಟ್ಟಿಯಿಂದ ಸುತ್ತಿ, ಉಪರಣಿಯಲ್ಲಿ ಕೊರಳಿಗೆ ತೂಗುಹಾಕಿದೆ. ಆ ಪತ್ರಿಕೆ ನಮ್ಮ ಮನೆಯಲ್ಲಿ ಒಂದು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ರೈಲಿನ ಸಿಳ್ಳು ಕೇಳಿಸಿತು. ಗೆಳೆಯರು, ಗೆಳೆತನ ಎಷ್ಟಿದ್ದರೂ ರೈಲು ಕಾಯುವುದಿಲ್ಲವಲ್ಲ, ಹಾರ ಎತ್ತಿಕೊಂಡು ಹಿತ್ತಲ ದಾರಿಯಿಂದ ಸ್ಟೇಶನ್ನಿಗೆ ನಡೆದರು. ಕಾಕಾ ಮೋಟಾರನ್ನು ಅಂಗಳದಲ್ಲೇ ಬಿಟ್ಟು ಟಾಂಗಾದಲ್ಲಿ ಆಸ್ಪತ್ರೆಗೆ ಬಂದರು. ದಾರಿಯುದ್ದಕ್ಕೂ ಕೈಗಿಂತ ಹೆಚ್ಚಾಗಿ ಹಾರದ ಚಿಂತೆ ಅವರಿಗೆ.

ಆಸ್ಪತ್ರೆಯ ದೊಡ್ಡ ಡಾಕ್ಟರು ಮುದುಕರು, ಮಿತಭಾಷಿ. ಕಟ್ಟು ಬಿಚ್ಚಿ ಒಮ್ಮೆ ನೋಡಿದರು, ಎರಡು ಕಡೆ ಬೆರಳಿಟ್ಟರು, ಎಲುಬು ಮುರಿದು ಹಿಂದಕ್ಕೆ ಸರಿದಿದೆ, ಎಳೆದು ಕೂಡಿಸಬೇಕು ಎಂದರು. ಫೋಟೋ ತೆಗೆಯುವ ಕ್ಷಕಿರಣದ ಯಂತ್ರ ಆಗ ನಮ್ಮಲ್ಲಿ ಬಂದಿರಲಿಲ್ಲ, ಕಣ್ಣು ಬೆರಳುಗಳೇ ಯಂತ್ರ. ನಾನು ಮನೆಯ ಕಟ್ಟೆಯ ಮೇಲೆ ಹೇಳಿದ ಮಾತನ್ನೇ ಅವರು ಹೇಳಿದ್ದರು. ಕಾಕಾ ನನ್ನ ಕಡೆ ತಿರುಗಿ, "ನೋಡು, ಡಾಕ್ಟರಂದ್ರ ಹಿಂಗಿರಬೇಕು. ನೋಡಿದ ಕೂಡಲೇ ಹೇಳಿಬಿಟ್ರು" ಎಂದರು.

ಉಂಗುರದ ಬೆರಳು ಅಷ್ಟೊತ್ತಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸಾಬೂನು ಹಚ್ಚಿದೆವು, ಬರಲಿಲ್ಲ. ದಾರ ಸುತ್ತಿದೆವು, ಬರಲಿಲ್ಲ. ಕೊನೆಗೆ ಪೇಟೆಯಿಂದ ಪತ್ತಾರನನ್ನು ಕರೆಸಬೇಕಾಯಿತು. ಅವನು ಸಣ್ಣ ಅರದಿಂದ ಉಂಗುರವನ್ನು ಕೊಯ್ಯುವಾಗ ಕಾಕಾ ಕಲ್ಲಿಗೆ ಏಟು ಬೀಳದಂತೆ ಎಚ್ಚರಿಕೆ ಹೇಳುತ್ತಿದ್ದರು. ಬೆರಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಉಂಗುರ ಬಾಯಿ ಬಿಟ್ಟ ಕೂಡಲೇ ಬೆರಳಿಗೆ ಮೆಲ್ಲಗೆ ಜೀವ ಬಂತು.

ಕ್ಲೋರೋಫಾರ್ಮ್ ಕೊಡುವುದನ್ನು ದೊಡ್ಡ ಡಾಕ್ಟರು ಯಾರಿಗೂ ಬಿಡುತ್ತಿರಲಿಲ್ಲ. ಎಲುಬು ಕೂಡದಿದ್ದರೆ ಮತ್ತೆ ಕೂಡಿಸಬಹುದು, ನಿಂತ ಎದೆ ಮತ್ತೆ ಬಡಿಯುವುದಿಲ್ಲ ಎಂಬುದು ಅವರ ಲೆಕ್ಕ. ಅವರು ತಲೆಯ ಕಡೆ ನಿಂತರು. ಕಂಪೌಂಡರ್ ಮೊಣಕೈಯ ಮೇಲೆ ಗಟ್ಟಿಯಾಗಿ ಹಿಡಿದ. ಎಲುಬು ಕೂಡಿಸುವ ಕೆಲಸ ನನಗೆ ಬಂತು.

ಮೂಗಿಗೆ ಔಷಧ ಏರಿದಂತೆ ಕಾಕಾ ಬಡಬಡಿಸತೊಡಗಿದರು. ಮೊದಲು ಒಂದು ಆಸ್ತಿಯ ಖಟ್ಲೆ ನಡೆಸಿದರು. ಆಮೇಲೆ ದನಿ ಮೃದುವಾಯಿತು. ಹುಜೂರರ ಕೃಪೆಯಿಂದ ಈ ಬಡವ ಧನ್ಯನಾದನೆಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಕಿತಾಬು ಸ್ವೀಕರಿಸಿಯೇ ಅವರು ನಿದ್ದೆಹೋದದ್ದು. ಮುಖದ ಮೇಲೆ ಅಂಥ ಶಾಂತಿಯನ್ನು ನಾನು ಮತ್ತೆಂದೂ ಕಾಣಲಿಲ್ಲ.

ನಾನು ಅವರ ಕೈ ಕುಲುಕುವವಳಂತೆ ಹಿಡಿದು, ಮೊದಲು ನೀಳವಾಗಿ, ಒಂದೇ ಸಮನೆ ಎಳೆದೆ. ಗದ್ದಲ ಮಾಡಿ ಜಗ್ಗಿದರೆ ಸ್ನಾಯು ಹಟ ಹಿಡಿಯುತ್ತದೆ. ಸಿಕ್ಕಿಕೊಂಡಿದ್ದ ತುಂಡು ಬಿಡಿಸಿಕೊಂಡದ್ದು ಕೈಗೆ ತಿಳಿಯಿತು. ಆಮೇಲೆ ಹೆಬ್ಬೆರಳಿನಿಂದ ಉಬ್ಬನ್ನು ಕೆಳಕ್ಕೆ ಒತ್ತಿ, ಕೈಯನ್ನು ಕಿರುಬೆರಳ ಕಡೆ ತಿರುಗಿಸಿ ಬಾಗಿಸಿದೆ. ಸವಟು ಹೋಗಿ ಮನುಷ್ಯನ ಕೈ ಬಂತು. ಮೊನೆಗಳ ಮೇಲೆ ಬೆರಳಿಟ್ಟೆ, ಹೆಬ್ಬೆರಳ ಕಡೆಯದು ಮುಂದಿತ್ತು. ದೊಡ್ಡ ಡಾಕ್ಟರು ತಾವೂ ಮುಟ್ಟಿ ನೋಡಿ ತಲೆಯಾಡಿಸಿದರು. ಪ್ಲಾಸ್ಟರಿನ ಪುಡಿ ತಿಕ್ಕಿದ ಬಟ್ಟೆಯ ಸುರುಳಿಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮೊಣಕೈಯ ಕೆಳಗಿನಿಂದ ಗೆಣ್ಣುಗಳವರೆಗೆ ಸುತ್ತಿ, ಆರುವವರೆಗೂ ನಾನು ಆ ಕೈಯನ್ನು ಬಿಡಲಿಲ್ಲ.

ಎಚ್ಚರವಾದ ಮೇಲೆ ಕಾಕಾ ದೊಡ್ಡ ಡಾಕ್ಟರಿಗೆ ಕೃತಜ್ಞತೆ ಹೇಳಿದರು. ಕೂಡಿಸಿದವಳು ಇವಳು ಎಂದು ಅವರು ನನ್ನ ಕಡೆ ಕೈ ಮಾಡಿದರು. ಕಾಕಾ ನಕ್ಕರು. ದೊಡ್ಡ ಮನುಷ್ಯರ ದೊಡ್ಡ ಮನಸ್ಸೆಂದು ಅವರು ಅದನ್ನು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರು.

ಆರು ವಾರ ಪ್ಲಾಸ್ಟರ್ ತೆಗೆಯಬಾರದು, ಕೈ ಎತ್ತರದಲ್ಲಿರಬೇಕು, ಬೆರಳು ಆಡಿಸುತ್ತಿರಬೇಕು, ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ಕೂಡಲೇ ಹೇಳಬೇಕು. ಇಷ್ಟು ನಾನು ಹೇಳಿದ್ದು. ಕಾಕಾ ಇದರಲ್ಲಿ ಕೈ ಎತ್ತರದಲ್ಲಿರಬೇಕು ಎಂಬುದನ್ನು ಮಾತ್ರ ನಿಷ್ಠೆಯಿಂದ ಪಾಲಿಸಿದರು, ಬಂದವರಿಗೆಲ್ಲ ಕಾಣಲೆಂದು. ಪಂಚೆ ಉಡಿಸಲಿಕ್ಕೆ, ರುಮಾಲು ಸುತ್ತಲಿಕ್ಕೆ, ಅನ್ನ ಕಲಸಿ ಕೊಡಲಿಕ್ಕೆ ಕಾಕು ಬೇಕು. ಓರೆಯಾದ ಕೈಯಿಂದ ಅವಳು ನೆಟ್ಟಗೆ ಕೂಡಿಸಿದ ಕೈಯ ಚಾಕರಿ ಮಾಡಿದಳು. ಕೈ ಮುರಿದವನ ಸಂಕಟ ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಕಾಕಾ ಒಮ್ಮೆ ಅವಳ ಎದುರಿಗೇ ಅಂದರು. ಕಾಕು ಮುಂದಿನ ತುತ್ತು ಕಲಸಿ ಕೊಟ್ಟಳು.

ಮೂರನೆಯ ವಾರ ಕಲೆಕ್ಟರ್ ಸಾಹೇಬರ ಬಂಗಲೆಯ ತೋಟದಲ್ಲಿ ಚಹದ ಕೂಟ. ಕಾಕಾನಿಗೆ ಆಮಂತ್ರಣ ಬಂತು. ಆಸ್ಪತ್ರೆಯ ಹೆಂಗಸೆಂದು ಸಾಹೇಬರ ಮೇಡಮ್ಮು ನನ್ನನ್ನೂ ಕರೆದಿದ್ದರು. ಕಾಕಾನಿಗೆ ಒಂದೇ ಚಿಂತೆ: ಸಾಹೇಬರು ಕೈ ಚಾಚಿದರೆ ಏನು ಮಾಡುವುದು? ಎಡಗೈ ಕೊಡುವುದು ಅಪಮಾನ. ಪ್ಲಾಸ್ಟರಿನ ಕೈ ಕೊಟ್ಟರೆ ಸಾಹೇಬರ ಕೈಗೆ ಸುಣ್ಣ. ನಾನು ಹೇಳಿದೆ, ಎಲುಬು ಈಗ ಹಸಿ ಗೋಡೆಯ ಹಾಗಿದೆ, ತೆಗೆದರೆ ಸರಿಯುತ್ತದೆ, ಕೈ ಕೊರಳಲ್ಲಿ ತೂಗುಹಾಕಿಕೊಂಡು ಹೋಗಿರಿ, ನೋಡಿದವರು ಕನಿಕರ ಪಟ್ಟಾರು. ಆಗಲಿ ಎಂದರು. ನಾನು ವಾರ್ಡಿಗೆ ಹೋದ ಮೇಲೆ, ಗೆಳೆಯ ವಕೀಲರ ನೆರವಿನಿಂದ, ಬಚ್ಚಲಲ್ಲಿ ಬಿಸಿನೀರಿನ ಕೊಪ್ಪರಿಗೆಯಲ್ಲಿ ಕೈ ಅದ್ದಿ ಕೂತು ಪ್ಲಾಸ್ಟರನ್ನು ನೆನೆಸಿ ಸುಲಿದುಹಾಕಿದರು.

ನಾನು ಆಸ್ಪತ್ರೆಯಿಂದ ನೇರವಾಗಿ ಬಂಗಲೆಗೆ ಹೋಗಿದ್ದೆ. ಗಂಡಸರ ಸಾಲಿನಲ್ಲಿ ಕಾಕಾ ನಿಂತಿದ್ದರು, ಜರಿಯ ರುಮಾಲು, ಉದ್ದನೆಯ ಕೋಟು, ಕೋಟಿನ ತೋಳಿನಿಂದ ಹೊರಗೆ ಬರಿಯ, ಬಿಳಿಚಿದ, ಸಿಪ್ಪೆ ಏಳುತ್ತಿದ್ದ ಬಲಗೈ. ನಾನು ಅತ್ತ ಹೊರಟೆ. ಅಷ್ಟು ಹೊತ್ತಿಗೆ ಕಲೆಕ್ಟರ್ ಸಾಹೇಬರು ಸಾಲಿಗೆ ಬಂದರು. ಅವರು ಕನ್ನಡ ಕಲಿಯುತ್ತಿದ್ದರು, ನಮ್ಮ ಜನರನ್ನು ನಮ್ಮ ರೀತಿಯಲ್ಲೇ ಕಾಣಬೇಕೆಂಬ ಹೊಸ ಹುರುಪು. ಕಾಕಾ ಮೂರು ವಾರದಿಂದ ಮನಸ್ಸಿನಲ್ಲಿ ಚಾಚುತ್ತಿದ್ದ ಕೈಯನ್ನು ಚಾಚಿದರು. ಸಾಹೇಬರು ಎರಡೂ ಕೈ ಜೋಡಿಸಿ, "ನಮಸ್ಕಾರ" ಎಂದರು.

ಕಾಕಾ ಗಡಿಬಿಡಿಯಿಂದ ತಾವೂ ಕೈ ಜೋಡಿಸಲು ಹೋದರು. ಕೈ ಮುಗಿಯಬೇಕಾದರೆ ಮಣಿಕಟ್ಟು ಹಿಂದಕ್ಕೆ ಬಾಗಬೇಕು. ಮುರಿದ ಮಣಿಕಟ್ಟು ಎಲ್ಲಕ್ಕಿಂತ ತಡವಾಗಿ ಕಲಿಯುವ ಕೆಲಸ ಅದು. ಅಂಗೈಗಳು ಕೂಡಲೊಲ್ಲವು. ಒತ್ತಿದರು. ಹಣೆಯ ಮೇಲೆ ಬೆವರು ಒಡೆಯಿತು. ಒಂದು ಕೈ ಮುಗಿದಂತೆ, ಇನ್ನೊಂದು ಭಿಕ್ಷೆ ಬೇಡಿದಂತೆ ನಿಂತ ಕಾಕಾನನ್ನು ನೋಡಿ ಸಾಹೇಬರು ಏನಾಯಿತೆಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಮೋಟಾರಿನ ಅಪಘಾತ ಎಂದು ಕಾಕಾ ಹೇಳಿದರು. ಸಾಹೇಬರು, ಪಾಪ, ಯಾರಾದರೂ ಸತ್ತರೇ ಎಂದು ಕೇಳಿ, ಇಲ್ಲವೆಂದಾಗ, ಪಕ್ಕದ ಗೆಳೆಯ ವಕೀಲರ ಕಡೆ ಹೊರಳಿದರು. ಸ್ಟೇಶನ್ನಿನಲ್ಲಿ ಹಾರ ಹಾಕಿದ್ದ ಅವರ ಗುರುತು ಸಾಹೇಬರಿಗೆ ಇತ್ತು.

ಮನೆಗೆ ಬಂದು ನೋಡಿದೆ. ಉಬ್ಬು ಮರಳಿತ್ತು. ಮತ್ತೆ ಎಳೆದು ಕೂಡಿಸಬೇಕೆಂದು ದೊಡ್ಡ ಡಾಕ್ಟರು ಹೇಳಿದರು. ಕಾಕಾ ಸುತರಾಂ ಒಪ್ಪಲಿಲ್ಲ. ಇದ್ದಂತೆಯೇ ಮತ್ತೆ ಪ್ಲಾಸ್ಟರ್ ಹಾಕಿ ಬಿಟ್ಟೆವು, ಕೈ ಓರೆಯಾಗಿಯೇ ಕೂಡಿಕೊಂಡಿತು. ಬರೆಯಲಿಕ್ಕೆ, ಉಣ್ಣಲಿಕ್ಕೆ ಬರುತ್ತಿತ್ತು. ಮುಂದಿನ ಹೊಸ ವರ್ಷಕ್ಕೆ ಗೆಳೆಯ ವಕೀಲರು ರಾವ್ ಸಾಹೇಬರಾದರು. ಗಂಡಹೆಂಡಿರಿಬ್ಬರ ಬಲಗೈಗಳೂ ಒಂದೇ ತೆರನಾಗಿದ್ದವು ಎಂಬುದನ್ನು ನಮ್ಮ ಮನೆಯಲ್ಲಿ ನಾನೊಬ್ಬಳೇ ಗಮನಿಸಿದೆನೆಂದು ಕಾಣುತ್ತದೆ. ಕಾಕಾನ ಕೈಯ ಬಗ್ಗೆ ಬಂದವರೆಲ್ಲ ಕೇಳುತ್ತಿದ್ದರು.

ಕಾಲ ತಿರುಗಿತು. ಚಳವಳಿ ಜೋರಾಯಿತು, ರಾವ್ ಸಾಹೇಬರೆಂಬುದು ಬೈಗುಳದ ಹಾಗಾಯಿತು. ಗೆಳೆಯ ವಕೀಲರು ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ತೆಗೆದು ಒಳಗಿಟ್ಟರು. ಕಾಕಾನ ಮೈಮೇಲೆ ಖಾದಿ ಬಂತು. ಸ್ವಾತಂತ್ರ್ಯ ಬಂದ ವರ್ಷ ಊರಿನ ಸಭೆಯೊಂದರಲ್ಲಿ, ದೇಶಕ್ಕಾಗಿ ಪೆಟ್ಟು ತಿಂದವರ ಜೊತೆ, ಅವರನ್ನೂ ವೇದಿಕೆಯ ಮೇಲೆ ಕೂಡಿಸಿದರು. ಪೊಲೀಸರ ಲಾಠಿಗೆ ಕೈ ಕೊಟ್ಟವರು ಎಂದು ಪರಿಚಯಿಸಿದರು. ಕಾಕಾ ಇಲ್ಲವೆನ್ನಲಿಲ್ಲ. ಓರೆ ಕೈಯನ್ನು ಮೇಲಕ್ಕೆತ್ತಿ ತೋರಿಸಿದರು, ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆ ನನ್ನ ಪಕ್ಕ ಕೂತಿದ್ದ ಕಾಕು ನನ್ನ ಕಿವಿಯ ಹತ್ತಿರ ಬಂದು, "ಆ ಮೋಟಾರಿಗೂ ಒಂದು ಹಾರ ಹಾಕಿದ್ರ ಛಲೋ ಆಗ್ತಿತ್ತು" ಎಂದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಆ ಹೊತ್ತಿಗೆ ನಮ್ಮ ಆಸ್ಪತ್ರೆಗೆ ಕ್ಷಕಿರಣದ ಯಂತ್ರ ಬಂದಿತ್ತು. ಕರಿಯ ಹಾಳೆಯ ಮೇಲೆ ಮುರಿದ ಎಲುಬು ತೋರಿಸಿದರೆ ಜನ ನಂಬುತ್ತಿದ್ದರು, ನನ್ನ ಬೆರಳು ಹೇಳಿದ್ದನ್ನೇ ಅದು ಹೇಳುತ್ತಿದ್ದರೂ. ಬಾವಿಕಟ್ಟೆ, ಬಚ್ಚಲು, ನೆಲ್ಲು ಕುಟ್ಟುವ ಜಾಗ, ಎಲ್ಲೆಲ್ಲೋ ಜಾರಿ ಬಿದ್ದ ಹೆಂಗಸರು ಮಣಿಕಟ್ಟು ಹಿಡಿದುಕೊಂಡು ನನ್ನಲ್ಲಿಗೆ ಬರತೊಡಗಿದ್ದರು. ಮಾಳಮಡ್ಡಿಯವರು ಬಂದರೆ ಕಾಕು ಕಳಿಸಿದ್ದಾಳೆಂದು ತಿಳಿಯಬೇಕು. ಅರಿಷಿಣ ಹಚ್ಚಿ ಕೂಡಬೇಡಿರಿ ಎಂದು ಅವಳು ಓಣಿಯಲ್ಲೆಲ್ಲ ಹೇಳಿಟ್ಟಿದ್ದಳು.

ಸಭೆಯಾದ ಕೆಲವು ದಿನಕ್ಕೆ ಶಿರಗುಪ್ಪಿಯಿಂದ ಒಬ್ಬ ಹೆಂಗಸು ಬಂದಳು. ಚಕ್ಕಡಿಯಿಂದ ಬಿದ್ದಿದ್ದಳು. ಜೊತೆಗೆ ಗಂಡ. ಮೊದಲು ಬಳೆಗಳನ್ನು ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿದೆ. ಒಡೆಯುತ್ತೇನೆಂದು ಹೆದರಿ ಅವಳು ಅಷ್ಟು ಹೊತ್ತು ಅತ್ತದ್ದು ಬಳೆಗೆ, ಕೈಗಲ್ಲ. ಎಳೆದು ಕೂಡಿಸಿ ಪ್ಲಾಸ್ಟರ್ ಹಾಕಿದ ಮೇಲೆ ಗಂಡ ಕೇಳಿದ, "ರೊಟ್ಟಿ ಯಾವಾಗಿಂದ ಬಡೀತಾಳ್ರಿ ಬಾಯಾರ?"

"ಎರಡು ತಿಂಗಳು ಇಲ್ಲ. ಅಲ್ಲೀತನಕ ನೀವ ಬಡೀರಿ" ಎಂದೆ. ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಅವನು ನಕ್ಕ.

ಆರು ವಾರಕ್ಕೆ, ಹೇಳಿದ ಹೊತ್ತಿಗೆ, ಅವರು ತಿರುಗಿ ಬಂದರು. ಪ್ಲಾಸ್ಟರ್ ಕತ್ತರಿಸಿದೆ. ಕೈ ನೆಟ್ಟಗಿತ್ತು, ನಾನು ಕೂಡಿಸಿದವುಗಳಲ್ಲಿ ಅಷ್ಟು ಚೆಂದದ್ದು ಕೆಲವೇ. ಅವಳು ಅದನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು. ಇಷ್ಟು ದಿನ ರೊಟ್ಟಿ ಯಾರು ಬಡಿದರೆಂದು ಕೇಳಿದೆ.

"ನಮ್ಮ ಹುಡುಗಿ ಬಡೀತ್ರಿ" ಎಂದಳು. "ಇನ್ನೂ ಸಣ್ಣದೈತ್ರಿ, ರೊಟ್ಟಿ ಬಡಿಯೋ ಕೊಣಮಿಗಿಗೆ ಕೈ ಮುಟ್ಟಂಗಿಲ್ಲ, ಕಾಲ ಕೆಳಗ ಕಟಗಿ ಮಣಿ ಹಾಕಿ ನಿಲ್ಲಿಸಿದ್ವಿ."

ಗಂಡ ಹೊರಗೆ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದ. ಬಿಸಿನೀರಿನಲ್ಲಿ ದಿನಾಲು ಬೆರಳು ಮಡಿಚುವುದು, ಮಣಿಕಟ್ಟು ಮೆಲ್ಲಗೆ ಹಿಂದೆ ಮುಂದೆ ಬಾಗಿಸುವುದು ಹೇಗೆಂದು ನಾನು ಅವಳಿಗೆ ತೋರಿಸಿಕೊಟ್ಟೆ. ಅವಳು ಎರಡು ಸಲ ಮಾಡಿ ತೋರಿಸಿ, ಬಳೆಗಳ ಗಂಟು ಬಿಚ್ಚಿಕೊಂಡು, ಅಲ್ಲಿಯೇ ಕೂತು ಒಂದೊಂದಾಗಿ ಏರಿಸಿಕೊಂಡಳು.